ಸ್ಟಿರಾಯ್ಡ್ ಮಾತ್ರೆಯನ್ನು ನೀವಾಗಿ ಶುರುಮಾಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ

ಅಡ್ರಿನಲ್ ಗ್ರಂಥಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅಡ್ರಿನಲಿನ್. ನಾಯಿ ಅಟ್ಟಿಸಿಕೊಂಡು ಬಂದರೆ ಎದೆ ಢವಢವ ಅನ್ನುತ್ತದಲ್ಲ, ಅದು. ಆದರೆ ಅಡ್ರಿನಲಿನ್ ಮಾಡುವ ಒಳಭಾಗ ಇಲ್ಲದಿದ್ದರೂ ಮನುಷ್ಯ ಬದುಕುತ್ತಾನೆ. ಹೊರಭಾಗ ಪೂರ್ತಿ ಕೈಕೊಟ್ಟರೆ ಔಷಧಿ ಇಲ್ಲದೆ ಬದುಕುವುದಿಲ್ಲ. ಆ ಹೊರಭಾಗದ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದೇ ಇಲ್ಲ.

ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಗ್ರಂಥಿ ಕೂತಿದೆ. ಬಲಗಡೆಯದು ತ್ರಿಕೋನದ ಹಾಗೆ, ಎಡಗಡೆಯದು ಅರ್ಧಚಂದ್ರದ ಹಾಗೆ. ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ, ಅಷ್ಟೇ. ಹೊರಭಾಗದಲ್ಲಿ ಮೂರು ಪದರ. ಮೇಲಿನ ಪದರದ ಅಲ್ಡೋಸ್ಟಿರೋನ್, ಉಪ್ಪು ಉಳಿಸಿಕೊಂಡು ಪೊಟ್ಯಾಸಿಯಂ ಹೊರಗೆ ಹಾಕು ಅಂತ ಕಿಡ್ನಿಗೆ ಹೇಳುತ್ತದೆ. ಒಳಗಿನ ಪದರದಿಂದ ಒಂದಿಷ್ಟು ಲೈಂಗಿಕ ಹಾರ್ಮೋನು. ನಡುವಿನ ದಪ್ಪ ಪದರದಿಂದ ಕಾರ್ಟಿಸೋಲ್. ಬಿಪಿ ಬೀಳದ ಹಾಗೆ, ಸಕ್ಕರೆ ಇಳಿಯದ ಹಾಗೆ ನೋಡಿಕೊಳ್ಳುವುದರಲ್ಲಿ ಇದರದೇ ದೊಡ್ಡ ಪಾಲು. ಬೆಳಗಿನ ಹೊತ್ತು ಜಾಸ್ತಿ, ನಡುರಾತ್ರಿ ಕಮ್ಮಿ. ಜೋರು ಜ್ವರ ಬಂದಾಗ, ಆಪರೇಷನ್ ಆದಾಗ ಇನ್ನೂ ಮೇಲಕ್ಕೇರಲೇಬೇಕು.

ಎಷ್ಟು ಮಾಡಬೇಕು ಅನ್ನುವ ಅಪ್ಪಣೆ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ತೊಂದರೆ ಶುರುವಾಗುವುದು ಇಲ್ಲೇ. ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಡೆಕ್ಸಾಮೆಥಾಸೋನ್, ಈ ಸ್ಟಿರಾಯ್ಡ್ ಮಾತ್ರೆಗಳೆಲ್ಲವೂ ಕಾರ್ಟಿಸೋಲ್ ಮಾಡುವ ಕೆಲಸವನ್ನೇ ಮಾಡುತ್ತವೆ. ವಾರಗಟ್ಟಲೆ ನುಂಗುತ್ತಾ ಹೋದರೆ ರಕ್ತದಲ್ಲಿ ಬೇಕಾದಷ್ಟಿದೆ ಅಂದುಕೊಂಡು ಪಿಟ್ಯುಟರಿ ಅಪ್ಪಣೆ ಕೊಡುವುದನ್ನೇ ಬಿಡುತ್ತದೆ. ಪಟ್ಟಿ ಹಾಕಿಸಿಕೊಂಡ ಕೈ ಸೊರಗುವ ಹಾಗೆ ಅಡ್ರಿನಲ್ ಗ್ರಂಥಿ ಸೊರಗುತ್ತದೆ. ಮಾತ್ರೆ ಬಿಟ್ಟ ಮರುದಿನವೇ ಅದು ಎದ್ದು ಕೆಲಸಕ್ಕೆ ನಿಲ್ಲುವುದಿಲ್ಲ. ಕೆಲವರಿಗೆ ತಿಂಗಳುಗಳೇ ಬೇಕು.

ನಮ್ಮ ದೊಡ್ಡಮ್ಮನಿಗೆ ಆಗಿದ್ದು ಇದೇ. ಮಂಡಿನೋವಿಗೆ ಒಂದು ಮೆಡಿಕಲ್ ಶಾಪಿನಲ್ಲಿ ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಹೆಸರಿಲ್ಲ, ಚೀಟಿಯಿಲ್ಲ. ನೋವು ಮಂತ್ರ ಹಾಕಿದಂತೆ ಮಾಯ. ಹಸಿವೂ ಚೆನ್ನಾಗಿ ಆಗತೊಡಗಿತು. ಆಮೇಲೆ ಮುಖ ಊದಿ ದುಂಡಗಾಯಿತು, ತೋಳಿನ ಚರ್ಮ ಮುಟ್ಟಿದರೆ ನೀಲಿಗಟ್ಟುತ್ತಿತ್ತು. ಹೆದರಿ ಒಂದೇ ಸಲ ಬಿಟ್ಟುಬಿಟ್ಟರು. ಮನೆಯವರೆಲ್ಲ ಒಳ್ಳೇದಾಯ್ತು ಅಂದೆವು. ಸ್ವಲ್ಪ ದಿನಕ್ಕೇ ವಾಂತಿ, ಸುಸ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟೆವು. ಕೊನೆಗೆ ಆಸ್ಪತ್ರೆಯಲ್ಲಿ ಸಲೈನ್ ಜೊತೆ ಹೈಡ್ರೋಕಾರ್ಟಿಸೋನ್, ಅಂದರೆ ಔಷಧಿ ರೂಪದ ಕಾರ್ಟಿಸೋಲ್, ಇಂಜೆಕ್ಷನ್ ಬಿದ್ದ ಮೇಲೆ ಬಿಪಿ ಏರಿತು. ಚೀಟಿಯಿಲ್ಲದೆ ಇಂಥ ಮಾತ್ರೆ ಕೈಗಿಡುವುದು ಅನ್ಯಾಯ. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ.

ಗ್ರಂಥಿಯೇ ರೋಗಕ್ಕೆ ತುತ್ತಾಗುವುದು ಬೇರೆ. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಅದನ್ನು ವಿವರಿಸಿದರು. ಆ ಕಾಲದಲ್ಲಿ ಅದಕ್ಕೆ ಮುಖ್ಯ ಕಾರಣ ಕ್ಷಯ. ನಮ್ಮ ದೇಶದಲ್ಲಿ ಇವತ್ತಿಗೂ ಕ್ಷಯದಿಂದ ಬರುವುದುಂಟು. ಅದರಲ್ಲಿ ಒಸಡು, ಅಂಗೈ ಗೆರೆ, ಬೆರಳ ಗೆಣ್ಣು ಕಪ್ಪಾಗುತ್ತವೆ, ಉಪ್ಪು ತಿನ್ನುವ ಆಸೆ ಹೆಚ್ಚುತ್ತದೆ. ಮಾತ್ರೆಯಿಂದ ಗ್ರಂಥಿ ಮಲಗಿದರೆ ಹೀಗೆ ಮೈ ಕಪ್ಪಾಗುವುದಿಲ್ಲ, ಹಾಗಾಗಿ ಸುಳಿವು ಸಿಗುವುದೇ ಕಷ್ಟ.

ಸ್ಟಿರಾಯ್ಡ್ ವಿಷ ಅಂತ ಹೇಳುತ್ತಿಲ್ಲ. ಉಬ್ಬಸ ಉಲ್ಬಣಿಸಿದಾಗ ಜೀವ ಉಳಿಸುವುದು ಅದೇ. 2020ರಲ್ಲಿ ಆಕ್ಸಿಜನ್ ಮೇಲಿದ್ದ ಎಷ್ಟೋ ಕೊರೋನಾ ರೋಗಿಗಳನ್ನು ಉಳಿಸಿದ್ದೂ ಡೆಕ್ಸಾಮೆಥಾಸೋನ್. ಈ ಬರಹ ಓದಿ ಗಾಬರಿಯಿಂದ ಯಾರೂ ಮಾತ್ರೆ, ಇನ್ಹೇಲರ್ ಬಿಡಬೇಡಿ, ದಮ್ಮಯ್ಯ. ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ಮಾತ್ರೆ ತೆಗೆದುಕೊಂಡಿದ್ದರೆ ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಜ್ವರ ಬಂದರೆ ಡೋಸ್ ಏರಿಸಬೇಕಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಪರ್ಸಿನಲ್ಲಿ ಒಂದು ಚೀಟಿ ಇರಲಿ: ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗಿನಿಂದ. ಯಾವುದೇ ಆಪರೇಷನ್‌ಗೆ ಮುಂಚೆ ಅದನ್ನು ಡಾಕ್ಟರಿಗೆ ತೋರಿಸಿ.