ಕರಿ ಪರದೆ ಮತ್ತು ಭಾವನ ಹೋಳಿಗೆ

ಸಿನಿಮಾದವರಿಗೆ ಹ್ಯಾಕರ್ ತೋರಿಸಬೇಕೆಂದರೆ ಒಂದು ಕರಿ ಪರದೆ ಸಾಕು. ಅದರ ಮೇಲೆ ಹಸಿರು ಅಕ್ಷರ ಓಡಿದರೆ ಅರ್ಧ ಬ್ಯಾಂಕ್ ಖಾಲಿಯಾಯಿತು ಅಂತ ಲೆಕ್ಕ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಮಾತ್ರ ಅದು ಬೆಳಗಾದರೆ ಮುಖ ನೋಡುವ ಟರ್ಮಿನಲ್. ಮೌಸ್ ಬೇಡ, ಬಟನ್ ಇಲ್ಲ. ಟೈಪ್ ಮಾಡಿ ಎಂಟರ್ ಒತ್ತಬೇಕು, ಅಷ್ಟೆ.

ಆ ಪರದೆಯಲ್ಲಿ ಓಡುವ ಸಾಧನಗಳಲ್ಲಿ ಹೆರೋಕು ಕಮಾಂಡ್ ಲೈನ್ ಒಂದು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂವರು ಸೇರಿ ಶುರು ಮಾಡಿದ ಕಂಪನಿ ಹೆರೋಕು. 2010ರ ಕೊನೆಗೆ ಸೇಲ್ಸ್‌ಫೋರ್ಸ್ ಎಂಬ ದೊಡ್ಡ ಸಾಫ್ಟ್‌ವೇರ್ ಕಂಪನಿ ಅದನ್ನು ಕೊಂಡುಕೊಂಡಿತು. ನೀವು ಬರೆದ ಕೋಡನ್ನು ಗಿಟ್ ಎಂಬ, ಕೋಡ್ ಜೋಪಾನ ಮಾಡುವ ಸಾಧನದಿಂದ ಪುಶ್ ಮಾಡಿದರೆ, ಅಂದರೆ ಕಳಿಸಿದರೆ, ಅದೇ ಕಟ್ಟಿ, ಅದೇ ಓಡಿಸಿ, ಒಂದು ವಿಳಾಸ ಕೊಡುತ್ತದೆ. ಸರ್ವರ್ ಯಾವ ಊರಲ್ಲಿದೆ, ಅಲ್ಲಿ ಕರೆಂಟ್ ಇದೆಯಾ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಪ್ ನಿಲ್ಲಿಸುವುದು, ಎಬ್ಬಿಸುವುದು, ಹೆಸರು ಬದಲಿಸುವುದು ಎಲ್ಲಕ್ಕೂ ಒಂದೊಂದು ಸಾಲಿನ ಆಜ್ಞೆ.

ಇದರ ಗುಣವೂ ದೋಷವೂ ಒಂದೇ. ಹೇಳಿದ್ದನ್ನು ತಕ್ಷಣ ಮಾಡುತ್ತದೆ. ನಮ್ಮ ಮನೆಯಲ್ಲಿ ಟಿವಿಯನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಬೇಕೆಂದರೂ ಒಂದು ಸಭೆ ಆಗಬೇಕು, ಒಬ್ಬರಾದರೂ ಮುನಿಸಿಕೊಳ್ಳಬೇಕು. ಇದಕ್ಕೆ ಅಂಥದ್ದೇನೂ ಇಲ್ಲ. ಇಂಥ ಸಾಧನವನ್ನು ನಮ್ಮಂಥ ಕುಟುಂಬದ ಕೈಗೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ನಮ್ಮ ಭಾವ ತಿಪಟೂರಿನಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡುತ್ತಾರೆ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದಕ್ಕಾದರೂ ಸೈ. ಅಕ್ಕನ ಮಗ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದಾಗ ಪ್ರಾಜೆಕ್ಟ್ ಹೆಸರಲ್ಲಿ ಅಪ್ಪನಿಗೆ ಒಂದು ವೆಬ್‌ಸೈಟ್ ಮಾಡಿ ಹೆರೋಕುವಿನ ಫ್ರೀ ಪ್ಲಾನಿನಲ್ಲಿ ಹಾಕಿದ. ಊಟದ ಪಟ್ಟಿ, ಫೋಟೋ, ಆರ್ಡರ್ ಕೊಡಲು ಒಂದು ಫಾರ್ಮ್. ಭಾವ ಖುಷಿಯಾಗಿ ಹೋದವರಿಗೆ ಬಂದವರಿಗೆಲ್ಲ ಮೊಬೈಲ್ ತೆಗೆದು ತೋರಿಸತೊಡಗಿದರು.

ತೋರಿಸಿದಾಗಲೆಲ್ಲ ಪುಟ ಗಿರಗಿರ ತಿರುಗುತ್ತಿತ್ತು. ನನಗೆ ಫೋನ್ ಬಂತು.

‘ಏನಯ್ಯ ಇದು, ಗಿರಾಕಿ ಎದುರು ಮರ್ಯಾದೆ ಹೋಗ್ತಿದೆ.’

‘ನಿದ್ದೆ ಮಾಡ್ತಿದೆ ಭಾವ. ಅರ್ಧ ಗಂಟೆ ಯಾರೂ ಬರದಿದ್ದರೆ ಮಲಗುತ್ತೆ. ಯಾರಾದ್ರೂ ಬಂದ್ರೆ ಏಳುತ್ತೆ, ಸ್ವಲ್ಪ ಟೈಮ್ ಹಿಡಿಯುತ್ತೆ.’

‘ನಮ್ಮ ಬಡಿಸೋ ಹುಡುಗರೇ ಎಷ್ಟೋ ವಾಸಿ. ಅವರು ಊಟ ಮಾಡಿದ ಮೇಲೆ ಮಲಗ್ತಾರೆ.’

ಫ್ರೀ ಪ್ಲಾನಿನ ನಿಯಮವೇ ಅದಾಗಿತ್ತು, ಯಾರೂ ಮುಚ್ಚಿಟ್ಟಿದ್ದಲ್ಲ. ಆದರೆ ನಿಯಮಾವಳಿ ಓದುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ಹೋಳಿಗೆ ಫೋಟೋ ಕತೆಯೂ ಹೀಗೇ. ಭಾವ ಸಂಜೆ ಫೋಟೋ ಹಾಕುವುದು, ಮರುದಿನ ಅದು ಮಾಯ. ಹೆರೋಕುವಿನಲ್ಲಿ ಆಪ್ ಓಡುವ ಡಬ್ಬಿಗೆ ಡೈನೋ ಅನ್ನುತ್ತಾರೆ. ದಿನಕ್ಕೊಮ್ಮೆಯಾದರೂ ಅದು ಮರುಹುಟ್ಟು ಪಡೆಯುತ್ತದೆ. ಮಲಗಿ ಎದ್ದಾಗಲೂ ಅಷ್ಟೇ. ಆಗ ಒಳಗೆ ಬರೆದಿಟ್ಟ ಫೈಲುಗಳೆಲ್ಲ ಹೋಗುತ್ತವೆ. ಫೋಟೋವನ್ನು ಬೇರೆ ಕಡೆ ಇಡಬೇಕು. ಹುಡುಗ ಇಟ್ಟಿರಲಿಲ್ಲ. ಯಾರೋ ಕಣ್ಣು ಹಾಕಿದ್ದಾರೆ ಅಂತ ಭಾವ ಲ್ಯಾಪ್‌ಟಾಪಿಗೆ ನಿಂಬೆಹಣ್ಣು ನಿವಾಳಿಸಿದರು ಅಂತ ಅಕ್ಕ ಹೇಳಿದಳು. ಸುಳ್ಳಿರಲಿಕ್ಕಿಲ್ಲ.

ನಿಜವಾದ ಮಜ ಬಂದದ್ದು ಹುಡುಗನ ಪರೀಕ್ಷೆ ಹೊತ್ತಿಗೆ. ಅವನು ಮೈಸೂರಿನ ಹಾಸ್ಟೆಲ್‌ನಲ್ಲಿ, ಫೋನ್ ಸ್ವಿಚ್ ಆಫ್. ಸೈಟ್ ತೆರೆದರೆ ಎರರ್. ಅವನ ಹಳೇ ಲ್ಯಾಪ್‌ಟಾಪ್ ತಿಪಟೂರಿನ ಮನೆಯಲ್ಲಿ, ಲಾಗಿನ್ ಆಗಿಯೇ ಇತ್ತು. ಕೀಬೋರ್ಡ್ ಮುಂದೆ ಅಕ್ಕ, ಬೆಂಗಳೂರಲ್ಲಿ ಫೋನ್ ಹಿಡಿದ ನಾನು. ಏನಾಗಿದೆ ಅಂತ ತಿಳಿಯಲು ಆಪಿನ ದಿನಚರಿ ನೋಡಬೇಕು, ಅದಕ್ಕೆ ಲಾಗ್ ಅನ್ನುತ್ತಾರೆ.

‘ಹೆರೋಕು ಅಂತ ಟೈಪ್ ಮಾಡು. ಜಾಗ ಬಿಡು. ಲಾಗ್ಸ್ ಅನ್ನು.’

‘ಅಂದೆ.’

‘ಅನ್ನೋದಲ್ಲ ಅಕ್ಕ, ಟೈಪ್ ಮಾಡು. ಜಾಗ ಬಿಡು. ಆಮೇಲೆ ಎರಡು ಡ್ಯಾಶ್. ಟೇಲ್.’

‘ಡ್ಯಾಶ್ ಅಂದ್ರೆ ಕೆಳಗಡೆ ಇರುತ್ತಲ್ಲ ಅದಾ, ಮಧ್ಯದ್ದಾ?’

‘ಮಧ್ಯದ್ದು.’

‘ಎರಡರ ನಡುವೆ ಜಾಗ?’

‘ಬೇಡ.’

‘ಜಾಗ ಬಿಡು ಅಂದೆ, ಈಗ ಬೇಡ ಅಂತೀಯ. ಒಂದು ತೀರ್ಮಾನಕ್ಕೆ ಬಾ.’

ಇದು ಆಗುವ ಮಾತಲ್ಲ ಅಂತ ಇಡೀ ಆಜ್ಞೆಯನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಅಕ್ಕ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಕಾಪಿ ಮಾಡಿ ಅಂಟಿಸಿದಳು. ಆಗಲಿಲ್ಲ. ಮತ್ತೆ ಅಂಟಿಸಿದಳು. ಆಗಲಿಲ್ಲ. ಕೊನೆಗೆ ಕಣ್ಣು ಕಿರಿದು ಮಾಡಿ ನೋಡಿದರೆ, ನಾನು ಒತ್ತಿದ ಎರಡು ಪುಟ್ಟ ಗೆರೆಗಳನ್ನು ಜಾಸ್ತಿ ಓದಿಕೊಂಡ ಫೋನು ಒಂದೇ ಉದ್ದ ಗೆರೆ ಮಾಡಿ ಕಳಿಸಿತ್ತು! ಪುಸ್ತಕದಲ್ಲಿ ಹಾಗಿದ್ದರೆ ಚೆಂದ. ಕರಿ ಪರದೆಗೆ ಅದು ಯಾವುದೋ ಪರದೇಶಿ ಅಕ್ಷರ.

ಅಂತೂ ಅಕ್ಕ ತಾನೇ ಟೈಪ್ ಮಾಡಿದಳು, ಲಾಗ್ ಓಡಿತು. ಅವಳು ಲಲಿತಾ ಸಹಸ್ರನಾಮ ಓದುವ ವೇಗದಲ್ಲೇ ಅದನ್ನೂ ಓದಿದಳು. ‘ಎಚ್ ಹತ್ತು ಅಂತಿದೆ ಕಣೋ’ ಅಂದಾಗ ನನಗೆ ಜೀವ ಬಂತು. ಎಚ್ 10 ಅಂದರೆ ಆಪ್ ಬಿದ್ದಿದೆ ಅಂತ. ರೀಸ್ಟಾರ್ಟ್ ಆಜ್ಞೆ ಕೊಡಿಸಿದೆ, ಸೈಟ್ ಎದ್ದಿತು. ‘ಪರವಾಗಿಲ್ವೇ, ಒಂದು ಸಲ ಹೇಳಿದ್ರೆ ಕೇಳುತ್ತೆ’ ಅಂದಳು ಅಕ್ಕ, ಭಾವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಲಾಗಿನಲ್ಲಿ ಟೈಮ್ ಮಾತ್ರ ಐದೂವರೆ ಗಂಟೆ ಹಿಂದಿತ್ತು. ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಲೆಕ್ಕ ಅಂತ ವಿವರಿಸಲು ಹೋಗಲಿಲ್ಲ. ಬ್ಯಾಟರಿ ವೀಕಾಗಿದೆ ಅಂತ ಅವಳೇ ತೀರ್ಮಾನಿಸಿದ್ದಳು.

ಪರೀಕ್ಷೆ ಮುಗಿಸಿ ಬಂದ ಹುಡುಗನಿಗೆ ಆಪ್ ಹೆಸರಿನ ಮೇಲೆ ಕಣ್ಣು ಬಿತ್ತು. ನಾವು ಹೆಸರು ಕೊಡದಿದ್ದರೆ ಹೆರೋಕು ತಾನೇ ಎರಡು ಇಂಗ್ಲಿಷ್ ಪದ, ಒಂದಷ್ಟು ಅಂಕಿ ಪೋಣಿಸಿ ಹೆಸರಿಡುತ್ತದೆ. ಸೈಟಿನ ವಿಳಾಸದಲ್ಲಿರುವುದೂ ಅದೇ ಹೆಸರು. ಫೋನಿನಲ್ಲಿ ಹೇಳಲು ಹೋದರೆ ನಾಲಿಗೆ ಗಂಟು ಬೀಳುತ್ತದೆ. ಹುಡುಗ ರಾತ್ರಿ ಕೂತು, ಒಂದೇ ಸಾಲಿನಲ್ಲಿ ಹೆಸರು ಬದಲಿಸಿ, ಅಪ್ಪನಿಗೆ ಬೆಳಗ್ಗೆ ಸರ್‌ಪ್ರೈಸ್ ಕೊಡೋಣ ಅಂತ ಮಲಗಿದ.

ಅಪ್ಪನ ಸರ್‌ಪ್ರೈಸ್ ಆಗಲೇ ಪ್ರಿಂಟಾಗಿ ಬಂದಿತ್ತು. ಭಾವ ಯಾರಿಗೂ ಹೇಳದೆ ವಿಸಿಟಿಂಗ್ ಕಾರ್ಡ್ ಮಾಡಿಸಿದ್ದರು. ಹಳೇ ವಿಳಾಸ, ಅಡ್ಡಗೆರೆ ಅಂಕಿ ಸಮೇತ, ಬಂಗಾರದ ಬಣ್ಣದಲ್ಲಿ. ಅದರಲ್ಲಿ ಅರ್ಧ ಕಟ್ಟು ಅರಸೀಕೆರೆಯ ಒಂದು ಮದುವೆಯಲ್ಲಿ ಹಂಚಿಯೂ ಆಗಿತ್ತು. ಹೆಸರು ಬದಲಾದ ಕ್ಷಣವೇ ಹಳೇ ವಿಳಾಸ ಸತ್ತುಹೋಗುತ್ತದೆ. ಹೊಸದಕ್ಕೆ ದಾರಿ ತೋರಿಸುವ ಬೋರ್ಡೂ ಇರುವುದಿಲ್ಲ.

‘ಮಾಮ, ಅಪ್ಪ ಕೂಗಾಡ್ತಿದ್ದಾರೆ’ ಅಂತ ಬೆಳಗ್ಗೆಯೇ ಹುಡುಗನ ಫೋನ್. ಹಿಂದಿನಿಂದ ಭಾವನ ದನಿ: ‘ಗಿರಾಕಿ ಫೋನ್ ಮಾಡಿ, ನಿಮ್ಮ ಅಂಗಡಿನೇ ಇಲ್ವಂತಲ್ಲ ಅಂತಾನೆ. ಮೂವತ್ತು ವರ್ಷದಿಂದ ಒಲೆ ಹಚ್ತಿದೀನಿ!’

ಇದೇ ಸಾಧನ, ಡೇಟಾಬೇಸ್ ಅಳಿಸುವ ಆಜ್ಞೆ ಕೊಟ್ಟರೆ ಹುಷಾರು ಅಂತ ಎಚ್ಚರಿಸಿ, ಆಪ್ ಹೆಸರನ್ನು ಮತ್ತೆ ಟೈಪ್ ಮಾಡು ಅನ್ನುತ್ತದೆ. ಹೆಸರು ಬದಲಿಸುವಾಗ ಆ ವಿವೇಕ ಇಲ್ಲ. ಇರಬೇಕಿತ್ತು ಅಂತ ನನ್ನ ಅನಿಸಿಕೆ. ನಮ್ಮಲ್ಲಿ ಮದುವೆಯಾದ ಹುಡುಗಿಯ ಹೆಸರು ಬದಲಿಸುವಾಗ ಕೂಡ ಈಗೀಗ ಒಂದು ಮಾತು ಕೇಳುತ್ತಾರೆ.

ಹಳೇ ಹೆಸರನ್ನು ಬೇರೆ ಯಾರೂ ತಗೊಂಡಿರಲಿಲ್ಲ. ಅಷ್ಟೇ ಚಿಕ್ಕ ಇನ್ನೊಂದು ಆಜ್ಞೆಗೆ ಎಲ್ಲ ಮೊದಲಿನಂತಾಯಿತು. ಅಷ್ಟರಲ್ಲಿ ಭಾವನಿಗೆ ಹೊಸ ಹೆಸರೇ ಇಷ್ಟವಾಗಿಬಿಟ್ಟಿತ್ತು. ‘ಎರಡೂ ಇರಲಿ’ ಅಂದರು. ಸ್ವಂತ ಡೊಮೈನ್, ಅಂದರೆ ನಮ್ಮದೇ ಹೆಸರಿನ ವಿಳಾಸ ಕೊಂಡು ಜೋಡಿಸಿದರೆ ಈ ರಗಳೆಯೇ ಇರಲ್ಲ ಅಂದೆ. ವರ್ಷಕ್ಕೆ ಎಷ್ಟು ಅಂತ ಕೇಳಿ, ‘ಹಳೇದೇ ಇರಲಿ ಬಿಡು’ ಅಂದರು.

ಆಮೇಲೆ 2022ರ ಆಗಸ್ಟಿನಲ್ಲಿ ಹೆರೋಕು ಫ್ರೀ ಪ್ಲಾನ್ ನಿಲ್ಲಿಸುವುದಾಗಿ ಹೇಳಿತು. ನವೆಂಬರ್ 28ರಿಂದ ಎಲ್ಲಕ್ಕೂ ದುಡ್ಡು. ಇದನ್ನು ಭಾವನಿಗೆ ತಿಳಿಸುವ ಕೆಲಸ ಹುಡುಗ ನನಗೆ ದಾಟಿಸಿದ.

‘ತಿಂಗಳಿಗೆ ಐದು ಡಾಲರ್‌ನ ಇಕೋ ಪ್ಲಾನ್ ಇದೆ ಭಾವ.’

‘ದುಡ್ಡು ಕೊಟ್ಟ ಮೇಲೆ ಮಲಗಲ್ವಾ?’

‘ಅದೂ ಮಲಗುತ್ತೆ. ಮಲಗದೇ ಇರೋದು ಬೇಸಿಕ್, ಏಳು ಡಾಲರ್.’

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಡುಗೆ ಕಾಂಟ್ರಾಕ್ಟರ್ ಸುಮ್ಮನಾದರೆ ಲೆಕ್ಕ ನಡೀತಿದೆ ಅಂತ ಅರ್ಥ.

‘ಆಷಾಢದಲ್ಲಿ ನಮಗೆ ಮದುವೆ ಇಲ್ಲ. ಪಿತೃಪಕ್ಷದಲ್ಲೂ ಶುಭಕಾರ್ಯ ಇಲ್ಲ. ಆಗಲೂ ಏಳು ಡಾಲರಾ?’

ಈ ಪ್ರಶ್ನೆಯನ್ನು ನಮ್ಮ ಆಫೀಸಿನಲ್ಲಿ ಯಾರೂ ಕೇಳಿದವರಲ್ಲ. ಕೇಳಬೇಕಾದ ಪ್ರಶ್ನೆಯೇ. ಬೇಸಿಕ್ ಡೈನೋ ಓಡಿದಷ್ಟು ಹೊತ್ತಿಗೆ ಮಾತ್ರ ಬಿಲ್, ಸೆಕೆಂಡಿನ ಲೆಕ್ಕದಲ್ಲಿ. ಸೈಟ್ ಓಡಿಸುವ ವೆಬ್ ಡೈನೋ ಸಂಖ್ಯೆ ಸೊನ್ನೆ ಮಾಡಿದರೆ ಅದರ ಮೀಟರ್ ನಿಲ್ಲುತ್ತದೆ. ಹಾಗಂತ ಹೇಳಿದೆ.

‘ನೋಡಿದ್ಯಾ! ಆಷಾಢ ಹಿಡಿದ ದಿನ ಸೊನ್ನೆ ಮಾಡಿಬಿಡು.’

‘ಡೇಟಾಬೇಸಿಗೆ ಮಾತ್ರ ಐದು ಡಾಲರ್ ಕೊಡ್ಲೇಬೇಕು ಭಾವ. ಅದರಲ್ಲಿ ಹಳೇ ಆರ್ಡರ್ ಎಲ್ಲ ಇದೆಯಲ್ಲ.’

‘ಅದರಲ್ಲಿ ಬಾಕಿ ಕೊಡಬೇಕಾದವರ ಹೆಸರಿದೆಯಾ?’

‘ಇದೆ.’

‘ಹಂಗಾದ್ರೆ ಕೊಡೋಣ’ ಅಂದರು ಭಾವ. ‘ಸೊನ್ನೆ ಮಾಡೋ ಆಜ್ಞೆ ಮಾತ್ರ ನಿಮ್ಮಕ್ಕನಿಗೆ ಹೇಳಿಕೊಡು. ಫೋನಲ್ಲಿ ಬೇಡ, ಬಂದು ಹೇಳಿಕೊಡು.’