ಇಂಗ್ಲಿಷ್ ಕಾಲುವೆಯ ಮೇಲೆ ಮೊಸರನ್ನ

ಸ್ವಂತ ವಿಮಾನ ಇದ್ದವರು ಮನಸ್ಸು ಬಂದಾಗ ಮನಸ್ಸು ಬಂದ ಕಡೆ ಹಾರುತ್ತಾರೆ ಎಂದು ನಂಬಿದವರು ನಮ್ಮ ಭಾವನ ಜೊತೆ ಒಮ್ಮೆ ಫ್ರಾನ್ಸಿಗೆ ಊಟಕ್ಕೆ ಹೋಗಿಬರಬೇಕು.

ಭಾವ ಇರುವುದು ಇಂಗ್ಲೆಂಡಿನ ಕೆಂಟ್‌ನಲ್ಲಿ. ನಾಲ್ಕು ಸೀಟಿನ ಹಳೇ ಸೆಸ್ನಾ ವಿಮಾನವೊಂದರಲ್ಲಿ ಅವರದೂ ಒಂದು ಪಾಲಿದೆ. ರೆಕ್ಕೆಯೋ ಚಕ್ರವೋ, ಯಾವ ಪಾಲು ಅಂತ ಅಕ್ಕ ಇನ್ನೂ ಕೇಳುತ್ತಿರುತ್ತಾಳೆ. ಇಂಗ್ಲಿಷ್ ಕಾಲುವೆ ಅಂದರೆ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಸಮುದ್ರ. ಅದನ್ನು ದಾಟಿದರೆ ಫ್ರಾನ್ಸಿನ ಲ ತೂಕೆ ಅಂತ ಊರು. ಮೈಸೂರು ದಾರಿಯವರಿಗೆ ಮದ್ದೂರು ಹೇಗೋ, ಆ ಕಡೆಯ ಹವ್ಯಾಸಿ ಪೈಲಟ್‌ಗಳಿಗೆ ಇದು ಹಾಗೆ. ಅರ್ಧ ಮುಕ್ಕಾಲು ಗಂಟೆಯ ಹಾರಾಟ, ಅಷ್ಟೇ.

ಆ ಮುಕ್ಕಾಲು ಗಂಟೆಗೆ ನನ್ನ ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ, ಅಂದರೆ ಫ್ರಾನ್ಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ, ಬೇಕಾಯಿತು. ಶುಲ್ಕ 90 ಯೂರೋ. ಬ್ಯಾಂಕ್ ಸ್ಟೇಟ್‌ಮೆಂಟು, ಬೆರಳಚ್ಚು, ವಾರಗಟ್ಟಲೆ ಕಾಯುವುದು ಬೇರೆ.

ವೀಸಾ ಬಂತು ಅನ್ನುವಷ್ಟರಲ್ಲಿ ಭಾವನ ಫೋನ್. "ನಿನ್ನ ಅಡ್ಡಹೆಸ್ರು ಏನೋ?"

ಭಾವನಂಥ ಧಾರವಾಡದವರಿಗೆ ಅಡ್ಡಹೆಸರಿನ ಬರವಿಲ್ಲ. ನಾವು ಮೈಸೂರು ಕಡೆಯವರು, ಇನಿಷಿಯಲ್‌ನಲ್ಲೇ ಬಾಳಿದವರು. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಬ್ರಿಟನ್ನಿಗೆ ಬರುವ, ಅಲ್ಲಿಂದ ಹೊರಡುವ ಖಾಸಗಿ ವಿಮಾನದವರು 'ಜನರಲ್ ಏವಿಯೇಷನ್ ರಿಪೋರ್ಟ್' ಎಂಬ ಫಾರಂ ತುಂಬಬೇಕು. 2024ರ ಏಪ್ರಿಲ್‌ನಿಂದ ಅದನ್ನು ಆನ್‌ಲೈನಿನಲ್ಲೇ ಕೊಡಬೇಕು. ಅದೂ ಹೊರಡುವುದಕ್ಕೆ 48 ಗಂಟೆಗಿಂತ ಮುಂಚೆ ಅಲ್ಲ, 2 ಗಂಟೆಗಿಂತ ತಡ ಅಲ್ಲ. ತಪ್ಪಿದರೆ ದಂಡ 10,000 ಪೌಂಡಿನವರೆಗೆ. ಕೊನೆಗೆ ಫಾರಂನ ಹೆಸರು, ಅಡ್ಡಹೆಸರು ಎರಡೂ ಖಾನೆಗೆ ನನ್ನ ಒಂದೇ ಹೆಸರನ್ನು ತುಂಬಿ ಭಾವ ನಿಟ್ಟುಸಿರು ಬಿಟ್ಟರು. ಫ್ರಾನ್ಸಿನವರಿಗೆ ಮುಂಗಡ ನೋಟಿಸು, ಫ್ಲೈಟ್ ಪ್ಲಾನು ಎಲ್ಲಾ ಆಮೇಲೆ.

ಇಷ್ಟೆಲ್ಲ ಮುಗಿದು ಲೈಫ್ ಜಾಕೆಟ್ ಹಾಕಿಕೊಂಡು ಹಾರಿದೆವು. ನೀರಿನ ಮೇಲೆ ಬರುತ್ತಿದ್ದಂತೆ ಹಿಂದಿನ ಸೀಟಿನಿಂದ ಒಗ್ಗರಣೆಯ ವಾಸನೆ. ಅಕ್ಕ ಸ್ಟೀಲ್ ಡಬ್ಬಿ ತೆಗೆದಿದ್ದಳು. ಅಲ್ಲಿ ಊಟ ಹಿಡಿಸದಿದ್ದರೆ ಇರಲಿ ಅಂತ ಮೊಸರನ್ನ ತಂದಿದ್ದಳಂತೆ.

ಭಾವ ಬೆಚ್ಚಿಬಿದ್ದರು. ಬ್ರೆಕ್ಸಿಟ್ ಆದಮೇಲೆ ಬ್ರಿಟನ್ನಿನಿಂದ ಹೋಗುವವರು ಮಾಂಸ, ಹಾಲು, ಹಾಲಿನ ಪದಾರ್ಥ ಯಾವುದನ್ನೂ ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. "ಮಸರನ್ನ ಒಯ್ಯಂಗಿಲ್ಲ! ಇಳಿಯೂದರಾಗ ಖಾಲಿ ಮಾಡ್ರಿ!"

ಸೊಂಟಕ್ಕೆ ಬೆಲ್ಟು, ಕಿವಿಗೆ ಹೆಡ್‌ಸೆಟ್ಟು, ಬಾಯಿಗೆ ಅಡ್ಡ ಮೈಕು. ಆ ಮೈಕನ್ನು ಒಂದು ಕೈಯಲ್ಲಿ ಸರಿಸಿ ಇನ್ನೊಂದು ಕೈಯಲ್ಲಿ ನಾನು ಮೊಸರನ್ನ ನುಂಗಿದೆ. ವಿಮಾನ ಕುಲುಕಿದಾಗೊಮ್ಮೆ ದಾಳಿಂಬೆ ಕಾಳು ಜಾಕೆಟ್ ಮೇಲೆ. ಭಾವ ರೇಡಿಯೋದಲ್ಲಿ ಗಂಭೀರವಾಗಿ ಫ್ರಾನ್ಸಿನವರ ಜೊತೆ ಮಾತಾಡುತ್ತ, ನಡುವೆ ನಮ್ಮ ಕಡೆ ತಿರುಗಿ "ಮುಗೀತೇನು?" ಎನ್ನುತ್ತಿದ್ದರು. 1909ರಲ್ಲಿ ಫ್ರಾನ್ಸಿನ ಬ್ಲೇರಿಯೊ ತನ್ನ ವಿಮಾನದಲ್ಲಿ ಇದೇ ಕಾಲುವೆಯನ್ನು 36 ಚಿಲ್ಲರೆ ನಿಮಿಷದಲ್ಲಿ ದಾಟಿದ ಕಥೆಯನ್ನೂ ಶುರುಮಾಡಿದರು. "ಅವನ ಹೆಂಡ್ತಿ ಬುತ್ತಿ ಕಟ್ಟಿರ್ಲಿಲ್ಲ ಬಿಡಿ" ಎಂದು ಅಕ್ಕ ಡಬ್ಬಿ ಬಳಿದು ಕೊನೆಯ ತುತ್ತು ನನ್ನ ಬಾಯಿಗಿಟ್ಟಳು.

ಲ ತೂಕೆಯ ಅಧಿಕಾರಿ ಯಾತಕ್ಕೆ ಬಂದಿರಿ ಎಂದು ಕೇಳಿದರು. ಊಟಕ್ಕೆ ಎಂದೆ. ಹೊಟ್ಟೆಯಲ್ಲಿ ಸಾಸಿವೆ ಕಾಳಿಗೂ ಜಾಗವಿರಲಿಲ್ಲ.

ಊಟ ಚೆನ್ನಾಗಿತ್ತಂತೆ. ಅಕ್ಕನಿಗೆ ಅಲ್ಲಿಯ ಚೀಸ್ ಎಷ್ಟು ಹಿಡಿಸಿತೆಂದರೆ ದೊಡ್ಡದೊಂದು ಗಡ್ಡೆ ಕೊಂಡೇಬಿಟ್ಟಳು. ಭಾವ ಮತ್ತೆ ಬೆಚ್ಚಿದರು. ಯುರೋಪಿನಲ್ಲಿ ಕಾಲುಬಾಯಿ ಜ್ವರ ಕಾಣಿಸಿದ್ದರಿಂದ 2025ರ ಏಪ್ರಿಲ್‌ನಿಂದ ಆ ಕಡೆಯ ಹಾಲಿನ ಪದಾರ್ಥ ಈ ಕಡೆ ತರುವಂತಿಲ್ಲ. ಮೊಸರು ಆಚೆ ಹೋಗುವಂತಿಲ್ಲ, ಚೀಸು ಈಚೆ ಬರುವಂತಿಲ್ಲ, ಹಸು ಕರು ಹಾಕಿದ್ದೇ ತಪ್ಪು ಅನ್ನುವ ಹಾಗೆ! ಆ ಗಡ್ಡೆ ರೆಸ್ಟೊರೆಂಟಿನ ಹುಡುಗನ ಪಾಲಾಯಿತು.

ಸಂಜೆ ಕೆಂಟ್‌ನ ಹುಲ್ಲು ರನ್‌ವೇಯಲ್ಲಿ ಇಳಿದು, ಪಾಸ್‌ಪೋರ್ಟು ಹಿಡಿದು ಸಾಲಾಗಿ ನಿಂತೆವು. ತಪಾಸಣೆಗೆ ಯಾರೂ ಬರಲಿಲ್ಲ. ಅತ್ತಿತ್ತ ಎರಡು ಮೊಲ ಓಡಿದವು.

ಅಕ್ಕ ಭಾವನ ಕಡೆ ತಿರುಗಿದಳು. "ನನ್ನ ಚೀಸ್ ಎಲ್ಲಿ?"