ಕಳಿಸುವುದು ಬೇರೆ, ಕೇಳಿಸುವುದು ಬೇರೆ

ಐದು ನಿಮಿಷಕ್ಕೆ ಹತ್ತಿರದ ಹಾಡು ಅದು. ಮನೆಯವರ ಗ್ರೂಪಿಗೆ ಕಳಿಸಿ ಫೋನು ಕೆಳಗಿಡುವಷ್ಟರಲ್ಲಿ ಭಾವನ ಹೆಬ್ಬೆರಳು ಬಂದುಬಿಟ್ಟಿತ್ತು. ಹತ್ತು ಸೆಕೆಂಡು ಆಗಿದ್ದರೆ ಜಾಸ್ತಿ. ಅದರ ಹಿಂದೆಯೇ ಚಿಕ್ಕಮ್ಮನಿಂದ ಎರಡು ಜೋಡಿ ಮುಗಿದ ಕೈ. ಮುಗಿದ ಕೈ ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ದೇವರನಾಮ ಅಂದುಕೊಂಡರೋ ಏನೋ.

ಮಾರನೇ ದಿನ ಭಾವ ಬರೆದರು: "ಚೆನ್ನಾಗಿದೆ ಕಣಪ್ಪಾ. ಅರ್ಥ ಏನು?"

ಸಣ್ಣಗೆ ಚುಚ್ಚಿತು. ಕೇಳದೇ ಚೆನ್ನಾಗಿದೆ ಅಂದದ್ದಕ್ಕೆ ಅಲ್ಲ. ಅದನ್ನು ನಾನೂ ಮಾಡಿದ್ದೇನೆ, ನೀವೂ ಮಾಡಿದ್ದೀರಿ. ಅದೇ ಹಾಡು ನನ್ನ ಕೈಗೆ ಹೇಗೆ ಬಂದಿತ್ತು ಅನ್ನುವುದು ನೆನಪಾಗಿ ಚುಚ್ಚಿತು.

ಊರು ಬಿಟ್ಟು ಹದಿನಾಲ್ಕು ವರ್ಷ ಆಯಿತು. ಇಲ್ಲಿ ನನ್ನ ಜೊತೆ ಕೆಲಸ ಮಾಡುವವನೊಬ್ಬನಿದ್ದಾನೆ. ಮಾತು ಕಮ್ಮಿ. ಒಂದು ಸಂಜೆ ಎಲ್ಲರೂ ಹೊರಟ ಮೇಲೆ ನನ್ನ ಹತ್ತಿರ ಬಂದು, "ಐದು ನಿಮಿಷ ಇದೆಯಾ?" ಅಂದ. ಕೆಲಸದ ವಿಷಯ ಅಂದುಕೊಂಡೆ. ತನ್ನ ಹೆಡ್‌ಫೋನ್ ನನ್ನ ತಲೆಗೆ ಹಾಕಿ, ಎದುರಿನ ಕುರ್ಚಿಯಲ್ಲಿ ಸುಮ್ಮನೆ ಕೂತ. ಹಾಡಿದವರು ಯಾರು, ಯಾವ ದೇಶ, ಯಾವ ಭಾಷೆ, ಒಂದೂ ಹೇಳಲಿಲ್ಲ. ಒಬ್ಬ ಹೆಂಗಸಿನ ದನಿ, ಅವಸರವೇ ಇಲ್ಲದ ದನಿ. ಹಾಡು ಮುಗಿಯಿತು. ಅವನು ಹೆಡ್‌ಫೋನ್ ತೆಗೆದುಕೊಂಡು ಮನೆಗೆ ಹೋದ. ಚೆನ್ನಾಗಿತ್ತಾ ಅಂತಲೂ ಕೇಳಲಿಲ್ಲ!

ಮಾರನೇ ದಿನ ನಾನೇ ಹೋಗಿ ಹೆಸರು ಕೇಳಿದೆ. ಸೆಸಾರಿಯಾ ಎವೋರಾ. ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಕೇಪ್ ವರ್ಡೆ ಅನ್ನುವ ಹತ್ತು ದ್ವೀಪಗಳ ದೇಶದವರು. ಹಾಡುವ ಬಗೆಯ ಹೆಸರು ಮೊರ್ನಾ. ವೇದಿಕೆಗೆ ಬರಿಗಾಲಲ್ಲೇ ಬರುತ್ತಿದ್ದರಂತೆ. ಹುಟ್ಟಿದ್ದು 1941ರಲ್ಲಿ. ಈ ಹಾಡಿರುವ ಆಲ್ಬಮ್ ಬಂದದ್ದು 1992ರಲ್ಲಿ, ಅಂದರೆ ಹೊರಗಿನ ಜಗತ್ತು ಅವರ ಹೆಸರು ಕಲಿಯುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಇದೆಲ್ಲ ನಾನು ಕೇಳಿದ ಮೇಲೆ ಅವನು ಹೇಳಿದ್ದು. ಮೊದಲು ಹಾಡು, ಆಮೇಲೆ ಮಾಹಿತಿ.

ನಮ್ಮ ಭಾಷೆಯಲ್ಲೇ ಇದಕ್ಕೆ ಎರಡು ಮಾತಿವೆ, ಒಂದು ಅಕ್ಷರದ ವ್ಯತ್ಯಾಸ. ಕಳಿಸುವುದು, ಕೇಳಿಸುವುದು. ನಮ್ಮಲ್ಲಿ ಹಾಡನ್ನು ಕಳಿಸುತ್ತಾರೆ. ಇವನು ಕೇಳಿಸಿದ.

ಕಳಿಸುವವರ ಗುಂಪಿನಲ್ಲಿ ನಾನೂ ಇದ್ದೆ. ಇವನಿಗೆ ಬದಲಿಗೆ ಏನಾದರೂ ಕೊಡಬೇಕು ಅನ್ನಿಸಿ, ಆ ರಾತ್ರಿಯೇ ಕೂತು ನಲವತ್ತು ಹಾಡುಗಳ ಪಟ್ಟಿ ಮಾಡಿದೆ. ಶಾಸ್ತ್ರೀಯ, ಜಾನಪದ, ವಚನ, ಸಿನಿಮಾ, ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಟಿಪ್ಪಣಿ ಬೇರೆ. ನನ್ನ ನಾಡಿನ ಮಾನ ನನ್ನ ಕೈಯಲ್ಲೇ ಇದೆ ಅನ್ನುವ ಹಾಗೆ. ಪಟ್ಟಿ ನೋಡಿ ಅವನು ನಕ್ಕ. "ಒಂದು ಹೇಳು," ಅಂದ.

"ಒಂದು ಅಂದ್ರೆ?"

"ಒಂದೇ. ನೀನು ಪಕ್ಕದಲ್ಲಿ ಕೂತಿರಬೇಕು."

ಎರಡು ದಿನ ತಲೆ ಕೆಡಿಸಿಕೊಂಡೆ. ನಲವತ್ತು ಬರೆಯುವುದಕ್ಕೆ ಎರಡು ಗಂಟೆ ಸಾಕಾಗಿತ್ತು. ಪಟ್ಟಿಯಲ್ಲಿದ್ದ ಅರ್ಧದಷ್ಟನ್ನು ನಾನೇ ಪೂರ್ತಿ ಕೇಳಿ ವರ್ಷಗಳಾಗಿದ್ದವು. ಹೆಸರು ದೊಡ್ಡದು ಅಂತ ಹಾಕಿದ್ದೆ. ಕೆಲವನ್ನು, ಹಾಕದಿದ್ದರೆ ಯಾರಾದರೂ ಏನಾದರೂ ಅಂದಾರು ಅಂತ ಹಾಕಿದ್ದೆ. ಯಾರು ಅನ್ನುತ್ತಾರೆ, ಇಲ್ಲಿ?

ಇನ್ನು ಆ ಪ್ರಶ್ನೆ. ಅರ್ಥ ಏನು? ನಮ್ಮವರಿಗೆ ಹಾಡು ಅಂದರೆ ಮೊದಲು ಸಾಹಿತ್ಯ. ಸಾಹಿತ್ಯ ಚೆನ್ನಾಗಿದೆ ಅಂದರೆ ಹಾಡು ಚೆನ್ನಾಗಿದೆ. ಸಾಹಿತ್ಯ ತಿಳಿಯದಿದ್ದರೆ ಬಾಗಿಲು ಮುಚ್ಚಿತು. ಹೀಗೆ ಬಾಗಿಲು ಮುಚ್ಚಿಕೊಂಡರೆ ಜಗತ್ತಿನಲ್ಲಿ ನಮ್ಮ ಪಾಲಿಗೆ ಉಳಿಯುವುದು ಎಷ್ಟು? ತುವಾದವರ ಹಾಡು ಬಂತು ಅನ್ನಿ. ರಷ್ಯಾಕ್ಕೆ ಸೇರಿದ ದಕ್ಷಿಣ ಸೈಬೀರಿಯಾದ ಜನ. ಖೂಮೆಯ್ ಅಂತ ಅವರ ಹಾಡುವ ಬಗೆ. ಒಂದೇ ಗಂಟಲಿನಿಂದ ಒಂದೇ ಸಲಕ್ಕೆ ಎರಡು ಸ್ವರ ಹೊರಡುತ್ತದೆ. ಮೊದಲ ಸಲ ಕೇಳಿದಾಗ ನನಗೆ ಗೊರಗೊರ ಅನ್ನುವ ಸದ್ದು ಬಿಟ್ಟರೆ ಏನೂ ಹತ್ತಲಿಲ್ಲ. ಆಗ ಇವನು ಹೇಳಿದ್ದು ಇಷ್ಟೇ: "ಕೆಳಗಿನ ದನಿ ಬಿಟ್ಟುಬಿಡು. ಅದರ ಮೇಲೆ ಸಣ್ಣ ಸಿಳ್ಳೆ ಓಡಾಡುತ್ತೆ, ಅದನ್ನ ಹಿಡಿ." ಅರ್ಧ ನಿಮಿಷದಲ್ಲಿ ಸಿಕ್ಕಿತು. ಸಿಕ್ಕ ಮೇಲೆ ಬಿಡಲಿಲ್ಲ. ಕೆಳಗಿನದು ತಂಬೂರಿಯ ಹಾಗೆ ಒಂದೇ ಕಡೆ ನಿಂತಿದೆ, ಮೇಲಿನದು ಅದರಿಂದಲೇ ಹುಟ್ಟಿ ಹಾಡುತ್ತಿದೆ. ಇದಕ್ಕೆ ಯಾವ ಅರ್ಥ ಕೊಡೋಣ? ಕಿವಿ ಎಲ್ಲಿಡಬೇಕು ಅಂತ ಹೇಳುವವರು ಒಬ್ಬರು ಬೇಕು, ಅಷ್ಟೇ.

ನಮ್ಮಲ್ಲಿ ಹಾಗೆ ಹೇಳುವವರು ಸಿಗುವುದಿಲ್ಲ. "ಕೇಳಿ, ಮೈ ಜುಮ್ಮನ್ನುತ್ತೆ" ಅಂತ ಬರೆದು ಕಳಿಸುತ್ತಾರೆ. ಎಲ್ಲಿ ಜುಮ್ಮನ್ನಬೇಕು ಅಂತ ಹೇಳುವುದಿಲ್ಲ.

ದೂರದವರಿಗೆ ಹಾಡು ಕಳಿಸುವುದು ಅಂದಾಗೆಲ್ಲ ನನಗೆ ವಾಯೇಜರ್ ನೆನಪಾಗುತ್ತದೆ. 1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿದ ಆ ಎರಡು ನೌಕೆಗಳಲ್ಲಿ, ಆಚೆ ಯಾರಾದರೂ ಇದ್ದರೆ ಕೇಳಲಿ ಅಂತ ಇಟ್ಟ ಒಂದೊಂದು ಚಿನ್ನದ ಲೇಪದ ಹಾಡಿನ ತಟ್ಟೆ ಇದೆಯಲ್ಲ, ಅದು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಜೊತೆಯವರು ಕೂತು ಭೂಮಿಯ ಸಂಗೀತದಿಂದ 27 ತುಣುಕು ಆರಿಸಿದರು. ಎಲ್ಲ ಸೇರಿ ಒಂದೂವರೆ ಗಂಟೆ. ಬಾಖ್, ಬೀಥೋವನ್ ಇದ್ದಾರೆ. ಬಲ್ಗೇರಿಯಾದ ಹಳ್ಳಿಯ ಹಾಡಿದೆ, ಜಾರ್ಜಿಯಾದ ಗಂಡಸರು ಗುಂಪಾಗಿ ಹಾಡಿದ್ದಿದೆ, ಪೆರುವಿನ ಮದುವೆ ಹಾಡಿದೆ. ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ. ಸಂಗೀತದ ಜೊತೆಗೆ 55 ಭಾಷೆಗಳಲ್ಲಿ ನಮಸ್ಕಾರವೂ ಇದೆ, ಅದರಲ್ಲಿ ಕನ್ನಡವೂ ಒಂದು. ಕೇಳುವವನಿಗೆ ಕಿವಿ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಅವರು ಮಾಡಿದ ಒಂದು ಕೆಲಸ ನೋಡಿ. ತಟ್ಟೆಯ ಜೊತೆಗೆ ಅದನ್ನು ನುಡಿಸುವ ಸೂಜಿಯನ್ನೂ ಇಟ್ಟರು. ಮುಚ್ಚಳದ ಮೇಲೆ ಹೇಗೆ ನುಡಿಸಬೇಕು ಅಂತ ಚಿತ್ರ ಕೊರೆದರು. ಯಾರೂ ಇಲ್ಲದ ಕತ್ತಲೆಗೆ ಕಳಿಸುವಾಗಲೂ ಸೂಜಿ ಇಟ್ಟರು! ನಾನು ಭಾವನಿಗೆ ಬರೀ ಲಿಂಕು ಎಸೆದೆ.

ಯಂತ್ರಗಳ ಮಾತು ಜಾಸ್ತಿ ಆಡುವುದಿಲ್ಲ. ಅವು ಕಳಿಸುವುದರಲ್ಲಿ ನಮ್ಮೆಲ್ಲರನ್ನೂ ಮೀರಿಸಿವೆ. ಸ್ಪಾಟಿಫೈ 2015ರಿಂದ ಪ್ರತಿ ಸೋಮವಾರ 30 ಹಾಡು ಆರಿಸಿಕೊಡುತ್ತಿದೆ. 1984ರಲ್ಲಿ ಜಪಾನಿನ ಮಾರಿಯಾ ತಕೆಉಚಿ ಹಾಡಿದ್ದ ಒಂದು ಪಾಪ್ ಹಾಡು, ಮೂರು ದಶಕ ಕಳೆದ ಮೇಲೆ ಯೂಟ್ಯೂಬಿನ ಶಿಫಾರಸಿನಿಂದಲೇ ಜಪಾನೀ ಬಾರದ ಲಕ್ಷಾಂತರ ಜನರ ಕಿವಿಗೆ ಬಿತ್ತು. ಒಳ್ಳೆಯದೇ. ಆದರೆ ಯಂತ್ರ ಎದುರಿನ ಕುರ್ಚಿಯಲ್ಲಿ ಕೂರುವುದಿಲ್ಲವಲ್ಲ.

ಇಷ್ಟು ಬರೆದ ಮೇಲೆ, ಇವನನ್ನು ಹೊಗಳಿದ್ದು ಜಾಸ್ತಿಯಾಯಿತೇನೋ ಅನ್ನಿಸುತ್ತಿದೆ. ಆ ಒಂದು ಹಾಡಿನ ಕಥೆ ಮುಗಿಸಬೇಕು.

ಕೊನೆಗೆ ನಾನು ಆರಿಸಿದ್ದು ಮಲ್ಲಿಕಾರ್ಜುನ ಮನ್ಸೂರರನ್ನು. ಪಕ್ಕದಲ್ಲೇ ಕೂತೆ. ನಾನೂ ಬಾಯಿ ಬಿಡಲಿಲ್ಲ. ಮುಗಿದ ಮೇಲೆ ಅವನು ಕಣ್ಣು ತೆರೆದು, "ಎಷ್ಟು ಶಾಂತಿ ಸಿಕ್ಕಿತು. ಧ್ಯಾನ ಮಾಡಿದ ಹಾಗಾಯಿತು," ಅಂದ. ಮನ್ಸೂರರನ್ನು ಕೇಳಿ ಶಾಂತಿ! ಒಂದು ತಾನ್ ಮುಗಿಯುವ ಮೊದಲೇ ಇನ್ನೊಂದು ಎತ್ತಿಕೊಂಡು, ಕೇಳುವವನಿಗೆ ಉಸಿರಾಡಲು ಬಿಡದವರು ಅವರು. ಸಿಟ್ಟು ಬಂತು, ನಗುವೂ ಬಂತು. ಭಾರತದ್ದು ಅಂದ ಕೂಡಲೇ ಇವನು ಧ್ಯಾನಕ್ಕೆ ಕೂತುಬಿಟ್ಟಿದ್ದ. ಏನು ಕೇಳಿಸಿದ್ದರೂ ಇದನ್ನೇ ಹೇಳುತ್ತಿದ್ದನೋ ಏನೋ.

ಅವನೊಬ್ಬನದೇ ತಪ್ಪು ಅನ್ನುವ ಹಾಗಿಲ್ಲ. 'ವರ್ಲ್ಡ್ ಮ್ಯೂಸಿಕ್' ಅನ್ನುವ ಹೆಸರು ಅಂಗಡಿಗಳಲ್ಲಿ ನೆಲೆ ಊರಿದ್ದೇ 1987ರಲ್ಲಿ, ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಗಳವರು ಸೇರಿ ಮಾತಾಡಿಕೊಂಡ ಮೇಲೆ. ಅಂಗಡಿಯವರಿಗೆ ಇಂಥ ರೆಕಾರ್ಡುಗಳನ್ನು ಯಾವ ಗೂಡಿನಲ್ಲಿ ಇಡಬೇಕು ಅಂತ ತಿಳಿಯುತ್ತಿರಲಿಲ್ಲ, ಅದಕ್ಕೊಂದು ಚೀಟಿ ಬೇಕಿತ್ತು. ಆಫ್ರಿಕಾದ ಮಾಲಿ ದೇಶದ ಗಿಟಾರ್, ತುವಾದ ಗಂಟಲು, ನಮ್ಮ ಖಯಾಲ್, ಎಲ್ಲ ಒಂದೇ ಗೂಡಿಗೆ. ಆ ಗೂಡಿನಿಂದ ತೆಗೆದು ಕೇಳುವವರು ಎಷ್ಟು ಶ್ರದ್ಧೆಯಿಂದ ಕೂತರೂ, ಗೂಡಿನ ವಾಸನೆ ಒಂದಿಷ್ಟು ಉಳಿದಿರುತ್ತದೆ.

ಭಾವನ ಪ್ರಶ್ನೆಗೂ ನಾನು ಉತ್ತರ ಕೊಟ್ಟಿರಲಿಲ್ಲ. ಮೂರು ವಾರ ಬಿಟ್ಟು ಕೊಟ್ಟೆ. ಅದು ಕೇಪ್ ವರ್ಡೆಯಿಂದ ಸಾವ್ ತೊಮೆ ಅನ್ನುವ ದೂರದ ದ್ವೀಪಕ್ಕೆ ಕೂಲಿಗೆ ಹೋದವರ ಹಾಡು ಅಂತ ಬರೆದೆ. ಆ ದೂರದ ದಾರಿ ನಿನಗೆ ತೋರಿಸಿದವರು ಯಾರು ಅಂತ ಕೇಳುತ್ತದೆ. ಮತ್ತೆ ಮತ್ತೆ ಬರುವ 'ಸೊದಾದೆ' ಅನ್ನುವ ಮಾತಿಗೆ ಊರಿನ ಹಂಬಲ ಅನ್ನಬಹುದು. ಎರಡೂ ದೇಶಗಳು ಆಗ ಪೋರ್ಚುಗಲ್ಲಿನ ಕೈಯಲ್ಲಿದ್ದವು, ಸಾವ್ ತೊಮೆಯ ಕೋಕೋ ತೋಟಗಳಿಗೆ ಆಳು ಬೇಕಿತ್ತು.

ಈ ಸಲ ಹೆಬ್ಬೆರಳು ಬರಲಿಲ್ಲ. ಅರ್ಧ ಗಂಟೆ ಏನೂ ಬರಲಿಲ್ಲ. ಆಮೇಲೆ ಫೋನೇ ಬಂತು. "ಇದನ್ನ ಮೊದಲೇ ಹೇಳಬಾರದಿತ್ತೇನಪ್ಪಾ? ಮೂರು ಸಲ ಕೇಳಿದೆ." ಸ್ವಲ್ಪ ತಡೆದು, "ನೀನು ಯಾವಾಗ ಬರ್ತೀಯ?" ಅಂದರು.

ಅರ್ಥ ಕೇಳಬಾರದು ಅಂತ ಭಾಷಣ ಬಿಗಿದವನು ನಾನು. ಹದಿನಾಲ್ಕು ವರ್ಷ ಹೊರಗಿದ್ದವನು ಆ ಹಾಡನ್ನು ಮನೆಗೆ ಯಾಕೆ ಕಳಿಸಿದ ಅಂತ, ಅರ್ಥ ಕೇಳಿದವರಿಗೇ ತಿಳಿಯಿತು.

ಅಕ್ಕನದು ಇನ್ನೊಂದು ಥರ. ಅವಳಿಗೆ ಇಥಿಯೋಪಿಯಾದ ಒಂದು ಹಾಡು ಕಳಿಸಿದ್ದೆ. ತಿಜಿತಾ ಅಂತ ಅದರ ಬಗೆ. ನೆನಪು ಅನ್ನುವುದಕ್ಕೆ ಅವರ ಅಮ್ಹಾರಿಕ್ ಭಾಷೆಯಲ್ಲಿ ಅದೇ ಮಾತು, ಸ್ವರಗಳ ಆ ಜೋಡಣೆಗೂ ಅದೇ ಹೆಸರು. ಇದನ್ನೆಲ್ಲ ಬರೆಯಲಿಲ್ಲ. ಪರೀಕ್ಷೆ ಅಂತಲೇ ಇಟ್ಟುಕೊಳ್ಳಿ. ಅವಳು ಸಂಜೆ ಧ್ವನಿ ಸಂದೇಶ ಕಳಿಸಿದಳು. "ಏನೋ ಇದು, ಮೋಹನ ರಾಗ ಅಲ್ವೇನೋ? ಸ್ವರ ಅವೇ ಕಣೋ, ನಡೆ ಬೇರೆ." ಆಮೇಲೆ ಹಾಡಿಯೇ ತೋರಿಸಿದಳು, ಸ ರಿ ಗ ಪ ದ, ಆ ಇಥಿಯೋಪಿಯಾದವನು ಎಲ್ಲಿ ಎಳೆದಿದ್ದನೋ ಅಲ್ಲೇ ಎಳೆದು. ಹಿಂದೆ ಕುಕ್ಕರ್ ಕೂಗುತ್ತಿತ್ತು. ನನ್ನ ಸಹೋದ್ಯೋಗಿ ವರ್ಷಗಟ್ಟಲೆ ಇಥಿಯೋಪಿಯಾದ ಹಾಡು ಕೇಳಿದವನು. ಹೀಗೆ ಹಾಡಿ ತೋರಿಸಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಮಾರನೇ ಸಂಜೆ ಎಲ್ಲರೂ ಹೊರಟ ಮೇಲೆ ಅವನ ಹತ್ತಿರ ಹೋದೆ. ಒಂದು ನಿಮಿಷ ಇದೆಯಾ ಅಂದೆ. ಹೆಡ್‌ಫೋನ್ ಅವನ ತಲೆಗೆ ಹಾಕಿ, ಅಕ್ಕನ ಸಂದೇಶ ಹಚ್ಚಿ ಎದುರು ಕೂತೆ. ಮುಗಿದ ಮೇಲೆ ಅವನು ಹುಬ್ಬು ಗಂಟಿಕ್ಕಿ ಕೇಳಿದ: "ಇದರ ಅರ್ಥ ಏನು?"

ಏನೂ ಇಲ್ಲ, ಬರೀ ಸ್ವರ ಅಂದೆ.

ಇನ್ನೊಂದು ಸಲ ಹಾಕು ಅಂದ.